ಪುಲಿಗೆರೆ ನಾಡಿನಲ್ಲಿ ಪಶುದಯೆ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ - ಈ ಊರುಗಳ ನಡುವೆ ಹರಡಿರುವ ಎರೆಯ ಹೊಲಗಳೂ ಮಸಾರಿ ನೆಲವೂ ಜೋಳ, ಹತ್ತಿ, ಶೇಂಗಾಗಳಿಗೆ ಹೆಸರಾದವು. ಅದೇ ನೆಲ ಎತ್ತು, ಎಮ್ಮೆ, ಕುರಿ, ಆಡುಗಳ ನಾಡೂ ಹೌದು. ಈ ಸೀಮೆಯನ್ನಾಳಿದ ಅರಸರನ್ನು ಕುರಿತು, ಇಲ್ಲಿಯ ಬಸದಿ ದೇಗುಲಗಳನ್ನು ಕುರಿತು, ಕವಿಗಳನ್ನು ಕುರಿತು ವಿದ್ವಾಂಸರು ಬಹಳ ಬರೆದಿದ್ದಾರೆ. ಈ ಹೊಲಗಳನ್ನು ಉತ್ತ ಎತ್ತಿನ ಚರಿತ್ರೆಯನ್ನು, ಹೊಲಕ್ಕೆ ಗೊಬ್ಬರವನ್ನೂ ಮನುಷ್ಯನಿಗೆ ಕಂಬಳಿಯನ್ನೂ ಕೊಟ್ಟು ಕೊನೆಗೆ ಮಾಂಸದಂಗಡಿಯನ್ನು ಸೇರುವ ಕುರಿಯ ಚರಿತ್ರೆಯನ್ನು ಬರೆದವರು ಕಡಿಮೆ. ಆ ಬಾಯಿಲ್ಲದ ಜೀವಗಳ ವಿಷಯದಲ್ಲಿ ನಮ್ಮ ಹಿರಿಯರೂ ನಮಗಾಗಿ ಕಾಯಿದೆ ಮಾಡಿದವರೂ ಏನನ್ನು ಯೋಚಿಸಿದರು, ಏನನ್ನು ಯೋಚಿಸದೆ ಬಿಟ್ಟರು ಎಂಬುದನ್ನು ಈ ಹೊತ್ತು ಕೇಳುಗರ ಮುಂದಿಡಬಯಸುತ್ತೇನೆ.

ಇಲ್ಲಿ ಪ್ರಶ್ನೆಗಳು ಎರಡು. ಪ್ರಾಣಿಯನ್ನು ಕೊಲ್ಲಬಹುದೆ, ಕೊಲ್ಲಬಾರದೆ ಎಂಬುದು ಮೊದಲನೆಯದು. ಕೊಲ್ಲಲಿ, ಬಿಡಲಿ, ಅದು ಬದುಕಿರುವಷ್ಟು ಕಾಲ ಹೇಗೆ ಬದುಕಬೇಕು ಎಂಬುದು ಎರಡನೆಯದು. ಮೊದಲನೆಯ ಪ್ರಶ್ನೆ ನಮ್ಮಲ್ಲಿ ಧರ್ಮಗಳನ್ನು ಬೆಳೆಸಿದೆ, ಕಾವ್ಯಗಳನ್ನು ಬರೆಸಿದೆ, ಶಾಸನಸಭೆಗಳಲ್ಲಿ ಗದ್ದಲವನ್ನೆಬ್ಬಿಸಿದೆ. ಎರಡನೆಯದು ಬಹುಮಟ್ಟಿಗೆ ರೈತನ ಕೊಟ್ಟಿಗೆಯಲ್ಲಿ, ಕುರುಬನ ಹಟ್ಟಿಯಲ್ಲಿ ಸದ್ದಿಲ್ಲದೆ ಉಳಿದುಕೊಂಡು ಬಂದಿದೆ. ಮೊದಲ ಪ್ರಶ್ನೆಯ ಅಬ್ಬರದಲ್ಲಿ ಎರಡನೆಯದು ನಮಗೆ ಸರಿಯಾಗಿ ಕೇಳಿಸಲೇ ಇಲ್ಲವೆಂದು ನನಗೆ ತೋರುತ್ತದೆ.

ಮುಂಡರಗಿಯಿಂದ ಪೂರ್ವಕ್ಕೆ ಹೋದರೆ ಕೊಪ್ಪಳ ಸಿಗುತ್ತದೆ. ಅಲ್ಲಿಯ ಗವಿಮಠದ ಬಂಡೆಯ ಮೇಲೆಯೂ ಪಾಲ್ಕಿಗುಂಡಿನ ಮೇಲೆಯೂ ಅಶೋಕನ ಕಿರುಶಾಸನಗಳಿವೆ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಮೌರ್ಯರ ಆಜ್ಞೆ ನಮ್ಮ ಮನೆಯಂಗಳದವರೆಗೆ ಬಂದಿತ್ತೆಂಬುದಕ್ಕೆ ಅವು ಸಾಕ್ಷಿ. ಬಳ್ಳಾರಿಯ ಆಚೆ, ಇಂದಿನ ಆಂಧ್ರದ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿ, ಆತನ ಹದಿನಾಲ್ಕು ಹಿರಿಯ ಬಂಡೆಗಲ್ಲು ಶಾಸನಗಳೂ ಒಂದೆಡೆ ಇವೆ. ಅವುಗಳಲ್ಲಿ ಮೊದಲನೆಯದು ಪ್ರಾಣಿಬಲಿಯನ್ನು ನಿಷೇಧಿಸುತ್ತದೆ. ಹಿಂದೆ ಅರಮನೆಯ ಅಡುಗೆಗೆ ದಿನವೂ ಲಕ್ಷಗಟ್ಟಲೆ ಜೀವಗಳು ಬಲಿಯಾಗುತ್ತಿದ್ದವು, ಈಗ ಎರಡು ನವಿಲು ಮತ್ತು ಒಂದು ಜಿಂಕೆ ಮಾತ್ರ, ಮುಂದೆ ಅವೂ ಇಲ್ಲ ಎಂದು ದೊರೆ ಅಲ್ಲಿ ತನ್ನ ಅಡುಗೆಮನೆಯ ಲೆಕ್ಕವನ್ನೇ ಪ್ರಜೆಗಳಿಗೆ ಒಪ್ಪಿಸುತ್ತಾನೆ. ಎರಡನೆಯ ಶಾಸನ ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದ್ದನ್ನು ತಿಳಿಸುತ್ತದೆ.

ನನಗೆ ಇವೆಲ್ಲಕ್ಕಿಂತ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುವುದು ಉತ್ತರ ಭಾರತದ ಕಂಬಗಳ ಮೇಲಿರುವ ಐದನೆಯ ಸ್ತಂಭಶಾಸನ. ಗಬ್ಬವಾಗಿರುವ ಅಥವಾ ಹಾಲು ಕೊಡುತ್ತಿರುವ ಆಡು, ಕುರಿ, ಹಂದಿಗಳನ್ನು ಕೊಲ್ಲಕೂಡದು. ಆರು ತಿಂಗಳೊಳಗಿನ ಅವುಗಳ ಮರಿಗಳನ್ನೂ ಕೊಲ್ಲಕೂಡದು ಎಂದು ಅದು ವಿಧಿಸುತ್ತದೆ. ಹೋರಿ, ಹೋತ, ಟಗರುಗಳ ಬೀಜ ಒಡೆಯುವುದಕ್ಕೂ ಕುದುರೆ ಎತ್ತುಗಳಿಗೆ ಬರೆ ಹಾಕುವುದಕ್ಕೂ ಕೆಲವು ದಿನಗಳಲ್ಲಿ ತಡೆ ಹಾಕುತ್ತದೆ. ಮಾಂಸಾಹಾರವನ್ನು ನಾಡಿನಿಂದಲೇ ಓಡಿಸಲು ದೊರೆ ಇಲ್ಲಿ ಹೊರಟಿಲ್ಲ. ಕೊಲ್ಲುವವರು ಇದ್ದೇ ಇರುತ್ತಾರೆಂದು ಒಪ್ಪಿಕೊಂಡು, ಯಾವುದನ್ನು, ಯಾವ ವಯಸ್ಸಿನಲ್ಲಿ, ಯಾವ ಸ್ಥಿತಿಯಲ್ಲಿ ಎಂದು ಕೇಳುತ್ತಾನೆ. ನಾನು ಹೇಳಿದ ಎರಡನೆಯ ಪ್ರಶ್ನೆ ನಮ್ಮ ದೇಶದಲ್ಲಿ ಕಲ್ಲಿನ ಮೇಲೆ ಮೂಡಿದ್ದು ಹೀಗೆ.

ಸುಮಾರು ಸಾವಿರ ವರ್ಷಗಳನ್ನು ದಾಟಿ ಚಾಲುಕ್ಯರ ಕಾಲಕ್ಕೆ ಬಂದರೆ ನಮ್ಮ ಸೀಮೆ ಬೆಳ್ವೊಲ ಮುನ್ನೂರು, ಪುಲಿಗೆರೆ ಮುನ್ನೂರು ಎಂಬ ಎರಡು ನಾಡುಗಳಾಗಿ ಶಾಸನಗಳಲ್ಲಿ ಕಾಣಿಸಿಕೊಳ್ಳುತ್ತದೆ. ಪುಲಿಗೆರೆಯೆಂದರೆ ಇಂದಿನ ಲಕ್ಷ್ಮೇಶ್ವರ. ಅಲ್ಲಿ ಶಂಖಬಸದಿಯಿದೆ, ಗದಗಿನ ಬಳಿಯ ಲಕ್ಕುಂಡಿಯಲ್ಲಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯವಿದೆ. ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ಜೈನಮತ ಈ ನೆಲದಲ್ಲಿ ಶತಮಾನಗಳ ಕಾಲ ಬೇರುಬಿಟ್ಟಿತ್ತು. ಈ ಭಾಗದ ದಾನಶಾಸನಗಳ ಕೊನೆಯ ಸಾಲುಗಳನ್ನು ನೋಡಿದವರಿಗೆ ಒಂದು ಶಾಪ ಪರಿಚಿತವಾಗಿರುತ್ತದೆ. ಈ ದತ್ತಿಯನ್ನು ಕೆಡಿಸಿದವನು ವಾರಣಾಸಿಯಲ್ಲೋ ಕುರುಕ್ಷೇತ್ರದಲ್ಲೋ ಸಾವಿರ ಕವಿಲೆಗಳನ್ನು ಕೊಂದ ಪಾಪಕ್ಕೆ ಹೋಗುತ್ತಾನೆ ಎಂಬ ಅರ್ಥದ ಶಾಪವದು. ಗೋಹತ್ಯೆ ಎಷ್ಟು ದೊಡ್ಡ ಪಾಪವೆಂಬ ಭಾವನೆ ಇತ್ತೆಂಬುದಕ್ಕೆ ಬೇರೆ ಆಧಾರ ಬೇಡ. ತುರುಗಳನ್ನು ಕಳ್ಳರಿಂದ ಬಿಡಿಸಿ ತಂದು ಮಡಿದ ವೀರರ ಕಲ್ಲುಗಳು ನಮ್ಮ ಹಳ್ಳಿಗಳಲ್ಲಿ ಇಂದಿಗೂ ನಿಂತಿವೆ. ಆದರೆ ನೊಗದಡಿಯಲ್ಲಿ ಹೆಗಲು ಹುಣ್ಣಾದ ಎತ್ತಿಗೆ ಎಷ್ಟು ದಿನ ಬಿಡುವು ಕೊಡಬೇಕೆಂಬುದು ಇಂಥ ಕಲ್ಲುಗಳ ವಿಷಯವಾಗಲಿಲ್ಲ.

ಆ ಕೊರತೆಯನ್ನು ತುಂಬುವ ಗ್ರಂಥವೊಂದು ಅದೇ ಕಾಲದಲ್ಲಿ ಹುಟ್ಟಿತೆಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಆರನೆಯ ವಿಕ್ರಮಾದಿತ್ಯನ ತಮ್ಮ ಕೀರ್ತಿವರ್ಮ ಹನ್ನೆರಡನೆಯ ಶತಮಾನದ ಮೊದಲ ಪಾದದಲ್ಲಿ 'ಗೋವೈದ್ಯ'ವನ್ನು ಕನ್ನಡದಲ್ಲಿ ಬರೆದ. ರಾಜಕುಮಾರನೊಬ್ಬ, ಅದರಲ್ಲಿಯೂ ಜೈನನಾದವನು, ದನಗಳ ರೋಗಗಳನ್ನೂ ಅವುಗಳ ಮದ್ದುಗಳನ್ನೂ ದನ ಕಾಯುವವನ ಭಾಷೆಯಲ್ಲಿ ಹೇಳಲು ಮನಸ್ಸು ಮಾಡಿದ. ಅಹಿಂಸೆಯು ಕೊಲ್ಲದಿರುವುದರಲ್ಲಿ ಮುಗಿಯದೆ ನೋವನ್ನು ಶಮನ ಮಾಡುವ ಕೆಲಸಕ್ಕೂ ಕೈಹಾಕಿದ ಉದಾಹರಣೆಯಿದು. ಕೆಲವೇ ವರ್ಷಗಳ ಅನಂತರ, 1129ರ ಸುಮಾರಿಗೆ, ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ 'ಮಾನಸೋಲ್ಲಾಸ'ವನ್ನು ರಚಿಸಿದ. ಅದರಲ್ಲಿ ಅರಮನೆಯ ಮಾಂಸದಡುಗೆಗಳ ವಿಸ್ತಾರವಾದ ವರ್ಣನೆಯಿದೆ. ಕೋಳಿಯ ಅಂಕ, ಟಗರಿನ ಕಾಳಗ, ಕೋಣಗಳ ಹೋರಾಟ ಇವು ರಾಜವಿನೋದಗಳಾಗಿ ಬರುತ್ತವೆ. ಚಿಕ್ಕಪ್ಪನ ಪುಸ್ತಕದಲ್ಲಿ ಪಶುವಿನ ನೋವಿಗೆ ಮದ್ದು, ಮಗನ ಪುಸ್ತಕದಲ್ಲಿ ಅದರ ಹೋರಾಟವೇ ಮನರಂಜನೆ. ಒಂದೇ ಮನೆತನದಲ್ಲಿ ಈ ಎರಡೂ ಇದ್ದವು. ನಮ್ಮ ಜಾತ್ರೆಗಳಲ್ಲಿ ಟಗರಿನ ಕಾಳಗಕ್ಕೆ ಸೇರುವ ಜನರನ್ನು ಕಂಡವರು ಆ ವಿನೋದ ಅರಮನೆಯೊಂದಿಗೆ ಅಳಿಯಲಿಲ್ಲವೆಂಬುದನ್ನು ಬಲ್ಲರು.

ಮುಂದೆ ಹೊಯ್ಸಳ ವೀರಬಲ್ಲಾಳ ಗದಗಿನ ಸಮೀಪದ ಸೊರಟೂರಿನಲ್ಲಿ ಸೇವುಣರನ್ನು ಸೋಲಿಸಿ ಕೆಲಕಾಲ ಲಕ್ಕುಂಡಿಯನ್ನು ತನ್ನ ನೆಲೆವೀಡನ್ನಾಗಿ ಮಾಡಿಕೊಂಡಿದ್ದ. ಆತನಿಂದ ಕವಿಚಕ್ರವರ್ತಿಯೆನಿಸಿಕೊಂಡ ಜನ್ನ 1209ರಲ್ಲಿ 'ಯಶೋಧರಚರಿತೆ'ಯನ್ನು ಬರೆದ. ತಾಯಿಯ ಒತ್ತಾಯಕ್ಕೆ ಕಟ್ಟುಬಿದ್ದ ದೊರೆ ಜೀವಂತ ಕೋಳಿಯ ಬದಲು ಹಿಟ್ಟಿನ ಕೋಳಿಯನ್ನು ಬಲಿಗೊಟ್ಟು, ಆ ಸಂಕಲ್ಪಹಿಂಸೆಯ ಫಲವಾಗಿ ತಾಯಿಯೊಡನೆ ಜನ್ಮಜನ್ಮಾಂತರಗಳಲ್ಲಿ ತೊಳಲುವ ಕಥೆ ಅದು. ನವಿಲಾಗಿ, ನಾಯಿಯಾಗಿ, ಆಡಾಗಿ, ಕೋಣವಾಗಿ, ಕೋಳಿಯಾಗಿ ಅವರು ಹುಟ್ಟಿ ಹುಟ್ಟಿ ಸಾಯುತ್ತಾರೆ. ಕೊಲ್ಲುವ ಪಾಪದ ಕಥೆಯೆಂದು ನಾವು ಅದನ್ನು ಓದುತ್ತೇವೆ. ಆದರೆ ಕಥೆಯ ಬಹುಭಾಗ ನಡೆಯುವುದು ಪ್ರಾಣಿಯ ಮೈಯೊಳಗೆ. ಮನುಷ್ಯನ ಕೈಯಲ್ಲಿ ಸಿಕ್ಕ ಆಡೂ ಕೋಣವೂ ಏನನ್ನು ಅನುಭವಿಸುತ್ತವೆಂಬುದನ್ನು ಓದುಗ ಅಲ್ಲಿ ಕಣ್ಣಾರೆ ಕಾಣಬೇಕಾಗುತ್ತದೆ. ಜನ್ನನಿಗಿಂತ ಮೊದಲೇ ಬಸವಣ್ಣನವರು ಹರಕೆಯ ಕುರಿಯನ್ನು, ಸಾವು ಎದುರಿಗಿರುವುದನ್ನು ತಿಳಿಯದೆ ಅದು ಹಬ್ಬದ ಸೊಪ್ಪನ್ನು ಮೇಯುವುದನ್ನು ವಚನದಲ್ಲಿ ತಂದಿದ್ದರು. ಕೊನೆಯ ಗಳಿಗೆಯಲ್ಲಿಯೂ ಕುರಿಗೆ ಹಸಿವಿದೆಯೆಂಬುದನ್ನು ಗಮನಿಸಿದ ಕಣ್ಣು ಅದು.

ಗ್ರಂಥಗಳನ್ನು ಬಿಟ್ಟು ಜನರ ನಡವಳಿಕೆಗೆ ಬರೋಣ. ನಮ್ಮ ಕಡೆ ಸೋಮವಾರ ಎತ್ತಿನ ಕೊರಳಿಗೆ ನೊಗ ಹಾಕುವುದಿಲ್ಲವೆಂಬ ನೇಮವನ್ನು ಬಹುಕಾಲದಿಂದ ರೈತರು ನಡೆಸಿಕೊಂಡು ಬಂದಿದ್ದಾರೆ. ಅದು ಬಸವಣ್ಣನ ದಿನ. ಭಕ್ತಿಯ ಹೆಸರಿನಲ್ಲಿ ದುಡಿಯುವ ಪ್ರಾಣಿಗೆ ವಾರಕ್ಕೊಂದು ರಜೆ ದೊರಕಿತು. ಕಾರಹುಣ್ಣಿಮೆಯಂದು ಎತ್ತಿನ ಮೈತೊಳೆದು ಸಿಂಗರಿಸುತ್ತಾರೆ. ಮಣ್ಣೆತ್ತಿನ ಅಮಾವಾಸ್ಯೆಯಂದು ಮಣ್ಣಿನ ಎತ್ತನ್ನು ಪೂಜಿಸುತ್ತಾರೆ. ಕುರಿಗೆ ಇಷ್ಟು ಹಬ್ಬಗಳಿಲ್ಲ. ಆದರೂ ಹಾಲುಮತದವರ ಕುರಿಸಾಕಣೆಯನ್ನು ಹತ್ತಿರದಿಂದ ನೋಡಿದವರಿಗೆ ಅದರಲ್ಲಿಯೂ ಒಂದು ಕಟ್ಟಳೆ ಕಾಣುತ್ತದೆ. ಕಪ್ಪತಗುಡ್ಡದ ಇಳಿಜಾರುಗಳಲ್ಲಿಯೂ ಸುಗ್ಗಿ ಮುಗಿದ ಹೊಲಗಳಲ್ಲಿಯೂ ಮೇಯುವ ಈ ಹಿಂಡುಗಳಲ್ಲಿ ಬಹುಪಾಲು ದಖ್ಖನಿ ತಳಿಯವು. ಕರಿಯ ಒರಟು ಉಣ್ಣೆಯವು. ರಾತ್ರಿ ರೈತನ ಹೊಲದಲ್ಲಿ ಹಿಂಡನ್ನು ತರುಬಿದರೆ ಅವನಿಗೆ ಗೊಬ್ಬರ, ಕುರುಬನಿಗೆ ಕಾಳು ಅಥವಾ ಹಣ. ದಾರಿಯಲ್ಲಿ ಈದ ಮರಿಯನ್ನು ಕುರುಬ ಕಂಬಳಿಯಲ್ಲಿ ಸುತ್ತಿ ಹೆಗಲಿಗೇರಿಸಿಕೊಂಡು ನಡೆಯುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಹಿಂಡು ಮುಂದಿನ ನೀರನ್ನು ಮುಟ್ಟುವವರೆಗೆ ಅವನಿಗೂ ನಿಲುಗಡೆಯಿಲ್ಲ. ಕೊನೆಗೆ ಮಾರಿಬಿಡುವ ಕುರಿಯೆಂಬ ಕಾರಣದಿಂದ ಅವನ ಕಾಳಜಿ ಕಡಿಮೆಯಾಗುವುದಿಲ್ಲ. ಆದರೆ ಕುರಿ ಸಂತೆಯಲ್ಲಿ ಕೈ ಬದಲಾಯಿಸಿದ ಕ್ಷಣದಿಂದ ಈ ಕಟ್ಟಳೆಗಳಾವುವೂ ಅದರ ಬೆನ್ನಿಗೆ ಹೋಗುವುದಿಲ್ಲ.

ಇಂಗ್ಲಿಷರ ಆಳ್ವಿಕೆಯಲ್ಲಿ ಈ ಸೀಮೆ ಚೂರುಚೂರಾಗಿತ್ತು. ಗದಗ, ಮುಂಡರಗಿಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. 1876-78ರ ಭೀಕರ ಬರದಲ್ಲಿ ಮನುಷ್ಯರೊಡನೆ ದನಕರುಗಳೂ ಅಸಂಖ್ಯವಾಗಿ ಸತ್ತವು. ಬರದ ಪಾಠದಿಂದ ಹುಟ್ಟಿದ ಸದರ್ನ್ ಮರಾಠಾ ರೈಲ್ವೆಯ ದಾರಿ 1884ರಲ್ಲಿ ಗದಗನ್ನು ಮುಟ್ಟಿತು. ಅದಕ್ಕೆ ಮುಂಚೆ ಈ ಭಾಗದ ಹತ್ತಿ ಎತ್ತುಗಳ ಬೆನ್ನಿನ ಮೇಲೆ, ಗಾಡಿಗಳ ಮೇಲೆ ಘಟ್ಟವಿಳಿದು ಕುಮಟಾ ಬಂದರಕ್ಕೆ ಹೋಗುತ್ತಿತ್ತು. ರೈಲು ಎತ್ತಿನ ಆ ಬವಣೆಯನ್ನು ತಗ್ಗಿಸಿತು. ಬದುಕಿರುವ ಪ್ರಾಣಿಯನ್ನೂ ಸರಕಿನಂತೆ ಡಬ್ಬಿಯಲ್ಲಿ ತುಂಬಿ ದೂರದ ಪೇಟೆಗೆ ಕಳಿಸಬಹುದೆಂಬುದನ್ನೂ ರೈಲೇ ಕಲಿಸಿತು.

ಪ್ರಾಣಿಹಿಂಸೆಯನ್ನು ತಡೆಯುವ ಹೊಸ ಬಗೆಯ ಕಾಯಿದೆ ಮೊದಲು ಹುಟ್ಟಿದ್ದು 1822ರಲ್ಲಿ, ಇಂಗ್ಲೆಂಡಿನಲ್ಲಿ. ಕಲಕತ್ತೆಯಲ್ಲಿ 1861ರಲ್ಲಿ, ಮುಂಬಯಿಯಲ್ಲಿ 1874ರಲ್ಲಿ ಪ್ರಾಣಿದಯಾ ಸಂಘಗಳು ಸ್ಥಾಪನೆಯಾದವು. 1890ರಲ್ಲಿ ಬ್ರಿಟಿಷ್ ಭಾರತಕ್ಕೆಲ್ಲ ಅನ್ವಯಿಸುವ ಪ್ರಾಣಿಹಿಂಸಾ ಪ್ರತಿಬಂಧಕ ಕಾಯಿದೆ ಬಂದಿತು. ಸಂಸ್ಥಾನಗಳು ಬ್ರಿಟಿಷ್ ಭಾರತದ ಹೊರಗಿದ್ದುದರಿಂದ ಗದಗಿನಿಂದ ಹೊರಟ ಗಾಡಿಯೆತ್ತು ಶಿರಹಟ್ಟಿಯ ಸೀಮೆಯನ್ನು ದಾಟಿದೊಡನೆ ಈ ಕಾಯಿದೆಯ ನೆರಳಿನಿಂದ ಹೊರಬೀಳುತ್ತಿತ್ತು. 1948ರ ಮಾರ್ಚಿನಲ್ಲಿ ಸಾಂಗಲಿ, ಮಿರಜ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು; 1956ರಲ್ಲಿ ಧಾರವಾಡ ಜಿಲ್ಲೆ ವಿಶಾಲ ಮೈಸೂರು ರಾಜ್ಯವನ್ನು ಸೇರಿತು; 1997ರಲ್ಲಿ ಗದಗ ತಾನೇ ಜಿಲ್ಲೆಯಾಯಿತು. ಈಗ ನಾಲ್ಕೂ ಊರುಗಳು ಒಂದೇ ಜಿಲ್ಲೆಯ ಆಡಳಿತಕ್ಕೆ ಒಳಪಟ್ಟಿವೆ.

ಸ್ವತಂತ್ರ ಭಾರತದಲ್ಲಿಯೂ ಮೊದಲ ಪ್ರಶ್ನೆಗೇ ಮೊದಲ ಮಣೆ ಬಿದ್ದಿತು. ನಮ್ಮ ರಾಜ್ಯದಲ್ಲಿ 1959ರ ಪ್ರಾಣಿಬಲಿ ಪ್ರತಿಬಂಧಕ ಕಾಯಿದೆ ದೇವಸ್ಥಾನದ ಆವರಣದಲ್ಲಿ ಬಲಿಗೊಡುವುದನ್ನು ನಿಲ್ಲಿಸಹೊರಟಿತು. 1964ರಲ್ಲಿ ಗೋಹತ್ಯೆಯನ್ನು ತಡೆಯುವ ಕಾಯಿದೆ, 2020ರಲ್ಲಿ ಅದಕ್ಕಿಂತ ಕಠಿಣವಾದ ಇನ್ನೊಂದು ಬಂದವು. ಇವುಗಳ ಗುಣದೋಷಗಳ ಚರ್ಚೆ ಇಲ್ಲಿ ನನ್ನ ಉದ್ದೇಶವಲ್ಲ. ಗುಡಿಯ ಮುಂದಿನ ಬಲಿ ನಿಂತರೆ ಆ ಕುರಿ ಊರ ಹೊರಗಿನ ಹೊಲದಲ್ಲಿ ಸಾಯಬಹುದು, ಮತ್ತು ಅಲ್ಲಿ ಅದರ ಸಾವು ಇನ್ನಷ್ಟು ಸುಖಕರವಾಗಿರುತ್ತದೆಂಬ ಭರವಸೆ ಯಾರಿಗೂ ಇಲ್ಲ ಎಂಬಷ್ಟನ್ನು ಮಾತ್ರ ಹೇಳುತ್ತೇನೆ.

ಎರಡನೆಯ ಪ್ರಶ್ನೆಯನ್ನು ದಿಲ್ಲಿಯಲ್ಲಿ ಎತ್ತಿದವರು ನೃತ್ಯಕಲಾವಿದೆ ರುಕ್ಮಿಣೀದೇವಿ ಅರುಂಡೇಲ್. 1952ರಲ್ಲಿ ರಾಜ್ಯಸಭೆಗೆ ನಾಮನಿರ್ದೇಶನಗೊಂಡ ಅವರು ಪ್ರಾಣಿಹಿಂಸೆಯನ್ನು ತಡೆಯುವ ಖಾಸಗಿ ಮಸೂದೆಯನ್ನು ಮಂಡಿಸಿದರು. ಸರಕಾರವೇ ಕಾಯಿದೆ ತರುವುದೆಂದು ಪ್ರಧಾನಿ ನೆಹರೂ ಭರವಸೆಯಿತ್ತಾಗ ಅದನ್ನು ಹಿಂದೆಗೆದುಕೊಂಡರು. ಆ ಭರವಸೆಯ ಫಲವೇ 1960ರ ಕಾಯಿದೆ. ಆಹಾರಕ್ಕಾಗಿ ಕೊಲ್ಲುವುದನ್ನು ಅದು ಅಪರಾಧವೆನ್ನುವುದಿಲ್ಲ. ಆದರೆ ಆ ಕೊಲೆಯೊಡನೆ ಅನಾವಶ್ಯಕವಾದ ನೋವು ಕೂಡಿದ್ದರೆ ವಿನಾಯಿತಿ ಇಲ್ಲ. 'ಅನಾವಶ್ಯಕವಾದ ನೋವು' ಎಂಬ ಆ ಎರಡು ಮಾತುಗಳ ಮೇಲೆ ಮುಂದಿನ ನಿಯಮಗಳೆಲ್ಲ ನಿಂತಿವೆ. 1965ರ ನಿಯಮಗಳ ಪ್ರಕಾರ ಗಾಡಿ ಎಳೆಯುವ ಪ್ರಾಣಿಯನ್ನು ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ ಐದು ಗಂಟೆಗಿಂತ ಹೆಚ್ಚು ದುಡಿಸಕೂಡದು. 37 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಲಿರುವ ಕಡೆ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಹೂಡಲೇಕೂಡದು. ಚೈತ್ರ ವೈಶಾಖಗಳ ಮುಂಡರಗಿಯ ಬಿಸಿಲನ್ನು ಬಲ್ಲವರಿಗೆ ಈ ಅಂಕಿಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. 1978ರ ಸಾಗಾಣಿಕೆಯ ನಿಯಮಗಳು ನಾಲ್ಕೂವರೆ-ಐದು ಟನ್ನಿನ ಲಾರಿಯಲ್ಲಿ ನಲವತ್ತಕ್ಕಿಂತ ಹೆಚ್ಚು ಕುರಿ ಆಡುಗಳನ್ನು ತುಂಬಬಾರದೆನ್ನುತ್ತವೆ.

2001ರ ಕಸಾಯಿಖಾನೆಯ ನಿಯಮಗಳು ಇನ್ನೂ ಮುಂದೆ ಹೋಗುತ್ತವೆ. ಗಬ್ಬದ ಪ್ರಾಣಿಯನ್ನಾಗಲಿ, ಮೂರು ತಿಂಗಳೊಳಗಿನ ಮರಿಯನ್ನಾಗಲಿ, ಅಂಥ ಮರಿಯಿರುವ ತಾಯಿಯನ್ನಾಗಲಿ ಕೊಲ್ಲಕೂಡದು. ಅಶೋಕನ ಆರು ತಿಂಗಳು ಇಲ್ಲಿ ಮೂರಾಗಿದೆ; ಆದರೆ ವಿಚಾರ ಅದೇ. ಪಶುವೈದ್ಯ ಗಂಟೆಗೆ ಹನ್ನೆರಡು, ದಿನಕ್ಕೆ ತೊಂಬತ್ತಾರಕ್ಕಿಂತ ಹೆಚ್ಚು ಪ್ರಾಣಿಗಳನ್ನು ಪರೀಕ್ಷಿಸಬಾರದು. ಪರೀಕ್ಷೆಯ ಬಳಿಕ ಪ್ರಾಣಿಗೆ ಇಪ್ಪತ್ನಾಲ್ಕು ಗಂಟೆಗಳ ವಿಶ್ರಾಂತಿ ಸಿಗಬೇಕು. ಒಂದರ ಕಣ್ಣೆದುರು ಇನ್ನೊಂದನ್ನು ಕೊಲ್ಲಬಾರದು. ಈ ಕೊನೆಯ ಎರಡು ನಿಯಮಗಳಿಗೆ ಬರಿಯ ಕರುಣೆಯಲ್ಲದೆ ವಿಜ್ಞಾನದ ಆಧಾರವೂ ಇದೆ. ದೂರದ ಪಯಣದಲ್ಲಿ ಬಳಲಿದ ಕುರಿಯ ಸ್ನಾಯುಗಳಲ್ಲಿ ಸಂಗ್ರಹವಾಗಿರುವ ಗ್ಲೈಕೋಜನ್ ತೀರಿಹೋಗುತ್ತದೆ. ಸತ್ತ ಮೇಲೆ ಮಾಂಸದಲ್ಲಿ ಹುಟ್ಟಬೇಕಾದಷ್ಟು ಆಮ್ಲ ಹುಟ್ಟುವುದಿಲ್ಲ. ಮಾಂಸ ಕಪ್ಪಾಗಿ ಬಿರುಸಾಗುತ್ತದೆ, ಬೇಗ ಕೆಡುತ್ತದೆ. ಪ್ರಾಣಿಯ ಕೊನೆಯ ದಿನದ ಬವಣೆ ಹೀಗೆ ತಿನ್ನುವವನ ತಟ್ಟೆಗೂ ಬರುತ್ತದೆ.

ಹೊರದೇಶಗಳಲ್ಲಿಯೂ ವಿಚಾರ ಇದೇ ದಿಕ್ಕಿಗೆ ಹರಿಯಿತು. ಬ್ರಿಟನ್ನಿನಲ್ಲಿ 1964ರಲ್ಲಿ ರೂತ್ ಹ್ಯಾರಿಸನ್ ಎಂಬ ಮಹಿಳೆ ಕಾರ್ಖಾನೆಯಂತಾದ ಪಶುಸಾಕಣೆಯನ್ನು ಟೀಕಿಸಿ ಪುಸ್ತಕ ಬರೆದರು. ಮರುವರ್ಷ ಬ್ರ್ಯಾಂಬೆಲ್ ಸಮಿತಿಯ ವರದಿ ಬಂದಿತು. ಹಸಿವು ನೀರಡಿಕೆಗಳಿಂದ, ಇರುವ ನೆಲೆಯ ತೊಂದರೆಯಿಂದ, ನೋವು ರೋಗಗಳಿಂದ, ಹೆದರಿಕೆಯಿಂದ ಬಿಡುಗಡೆ ಮತ್ತು ಸಹಜವಾಗಿ ವರ್ತಿಸುವ ಸ್ವಾತಂತ್ರ್ಯ - ಈ ಪಂಚಸ್ವಾತಂತ್ರ್ಯಗಳ ತತ್ವ ಅಲ್ಲಿಂದ ರೂಪುಗೊಂಡಿತು. 2014ರ ಮೇ ತಿಂಗಳಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯ ನಾಗರಾಜ ಪ್ರಕರಣದ ತೀರ್ಪಿನಲ್ಲಿ 1960ರ ಕಾಯಿದೆಯೊಳಗೆ ಈ ಐದನ್ನೂ ಓದಿಕೊಳ್ಳಬೇಕೆಂದು ಸಾರಿತು.

ಇಷ್ಟೆಲ್ಲ ಇದ್ದೂ ಕಾಯಿದೆಯ ಕೈ ಎಷ್ಟು ಉದ್ದವೆಂದು ನೋಡಬೇಕು. 1960ರ ಕಾಯಿದೆ ಮೊದಲ ಅಪರಾಧಕ್ಕೆ ಗೊತ್ತುಮಾಡಿದ ದಂಡ ಹತ್ತರಿಂದ ಐವತ್ತು ರೂಪಾಯಿ. ಇದನ್ನು ಹೆಚ್ಚಿಸುವ ತಿದ್ದುಪಡಿಯ ಕರಡನ್ನು ಕೇಂದ್ರ ಸರಕಾರ 2022ರ ನವೆಂಬರಿನಲ್ಲಿ ಜನರ ಅಭಿಪ್ರಾಯಕ್ಕಾಗಿ ಪ್ರಕಟಿಸಿತು. ಹತ್ತು ರೂಪಾಯಿಗೆ ಹೆದರಿ ಲಾರಿಯಿಂದ ನಲವತ್ತೊಂದನೆಯ ಕುರಿಯನ್ನು ಯಾರು ಇಳಿಸಿಯಾರು? 2001ರ ನಿಯಮಗಳಲ್ಲಿ ಇನ್ನೊಂದು ತೊಡಕಿದೆ. ದಿನಕ್ಕೆ ಹತ್ತು ಅಥವಾ ಹೆಚ್ಚು ಪ್ರಾಣಿಗಳನ್ನು ಕೊಲ್ಲುವ ಸ್ಥಳವನ್ನು ಮಾತ್ರ ಅವು ಕಸಾಯಿಖಾನೆಯೆನ್ನುತ್ತವೆ. ಊರಿನ ಮಿತಿಯೊಳಗೆ ಅಂಥ ಪರವಾನಿಗೆಯ ಸ್ಥಳದಲ್ಲಲ್ಲದೆ ಬೇರೆಲ್ಲಿಯೂ ಕೊಲ್ಲಬಾರದೆಂದೂ ಹೇಳುತ್ತವೆ. ನಮ್ಮ ಸಣ್ಣ ಊರುಗಳ ಅಂಗಡಿಯಲ್ಲಿ ದಿನಕ್ಕೆ ಎರಡೋ ನಾಲ್ಕೋ ಕುರಿ ಬೀಳುತ್ತವೆ. ಅದು ನಿಯಮ ಹೇಳುವ ಕಸಾಯಿಖಾನೆಯೂ ಅಲ್ಲ, ನಿಯಮ ಒಪ್ಪುವ ಸ್ಥಳವೂ ಅಲ್ಲ. ವಿಶ್ರಾಂತಿಯ ದೊಡ್ಡಿಯಾಗಲಿ ವೈದ್ಯರ ಪರೀಕ್ಷೆಯಾಗಲಿ ಅಲ್ಲಿಗೆ ಹೇಗೆ ಬರಬೇಕು? ಈ ದೋಷ ಅಂಗಡಿಯವನದೆಂದು ನಾನು ಹೇಳಲಾರೆ. ನಾಲ್ಕು ಅಂಗಡಿಗಳಿಗೆ ಕೂಡಿ ಒಂದು ಶುಚಿಯಾದ ಕಟ್ಟೆ, ನೀರು, ನೆರಳು ಒದಗಿಸುವುದು ಅವನೊಬ್ಬನಿಂದ ಆಗುವ ಕೆಲಸವಲ್ಲ. ಅದು ಊರಿನ ಕೆಲಸ.

ಲಕ್ಷ್ಮೇಶ್ವರದಲ್ಲಿ ಸುಮಾರು 725ರ ಒಂದು ಶಾಸನವಿದೆ. ಚಾಲುಕ್ಯ ಯುವರಾಜ ವಿಕ್ರಮಾದಿತ್ಯ ಪೊರಿಗೆರೆಯ ಮಹಾಜನರಿಗೂ ಪ್ರಜೆಗಳಿಗೂ ಕೊಟ್ಟ ಆಚಾರವ್ಯವಸ್ಥೆ ಅದು. ಅರಸನ ಅಧಿಕಾರಿಗಳು ಊರಿಗೆ ಏನು ಮಾಡಬೇಕು, ಊರಿನವರು ಏನು ಸಲ್ಲಿಸಬೇಕು ಎಂಬುದನ್ನು ಅಲ್ಲಿ ಬರೆದಿಟ್ಟಿದ್ದಾರೆ. ಅದರಲ್ಲಿ ಪಶುಗಳ ಪ್ರಸ್ತಾಪವನ್ನು ಹುಡುಕುವುದು ನನ್ನ ಉದ್ದೇಶವಲ್ಲ. ಹೊಣೆ ಯಾರದೆಂಬುದನ್ನು ಊರಿನ ಮಟ್ಟದಲ್ಲಿ ಸ್ಪಷ್ಟವಾಗಿ ಬರೆದಿಡುವ ಪದ್ಧತಿ ಈ ಮಣ್ಣಿಗೆ ಹೊಸದಲ್ಲವೆಂದು ತೋರಿಸುವುದಷ್ಟೇ ಉದ್ದೇಶ. ಸಂತೆಯ ಬಯಲಿನಲ್ಲಿ ಕುರಿಗಳಿಗೆ ನೆರಳು ಮತ್ತು ನೀರಿನ ತೊಟ್ಟಿ ಯಾರ ಹೊಣೆ, ಲಾರಿಗೆ ಹತ್ತಿಸುವಾಗ ಎಣಿಸುವವರು ಯಾರು, ಕೊಯ್ಯುವ ಮುನ್ನ ಗಬ್ಬವಿದೆಯೇ ಎಂದು ನೋಡುವವರು ಯಾರು - ಇವನ್ನು ಪುರಸಭೆ, ಮಾರುಕಟ್ಟೆ ಸಮಿತಿ, ಪಶುವೈದ್ಯ ಇಲಾಖೆಗಳು ಒಟ್ಟಿಗೆ ಕುಳಿತು ಊರೂರಿಗೂ ಗೊತ್ತುಮಾಡಬಹುದು. ಇದಕ್ಕೆ ಹೊಸ ಕಾಯಿದೆ ಬೇಕಾಗಿಲ್ಲ.

ಮಾಂಸ ತಿನ್ನುವವರೂ ತಿನ್ನದವರೂ ಈ ಸೀಮೆಯಲ್ಲಿ ಸಾವಿರಾರು ವರ್ಷಗಳಿಂದ ಕೂಡಿ ಬಾಳಿದ್ದಾರೆ, ಮುಂದೆಯೂ ಬಾಳುತ್ತಾರೆ. ಮೊದಲ ಪ್ರಶ್ನೆಗೆ ಅವರ ಉತ್ತರಗಳು ಒಂದಾಗಲಾರವು. ಎರಡನೆಯ ಪ್ರಶ್ನೆಯಲ್ಲಿ ಅವರು ಒಂದಾಗಲು ಅಡ್ಡಿಯೇನೂ ಇಲ್ಲ. ನೀರಡಿಸಿದ ಕುರಿಗೆ ನೀರು ಕೊಡಬೇಕೆಂಬ ಮಾತಿಗೆ ಬಸದಿಗೆ ಹೋಗುವವರಿಂದಾಗಲಿ, ಮಸೀದಿಗೆ ಹೋಗುವವರಿಂದಾಗಲಿ, ಮಠಕ್ಕೆ ಹೋಗುವವರಿಂದಾಗಲಿ ವಿರೋಧ ಬಂದುದನ್ನು ನಾನು ಕೇಳಿಲ್ಲ. ಸಂತೆಗೆ ಬರುವ ಕುರಿಗೆ ಮೊದಲು ಆ ನೀರಿನ ತೊಟ್ಟಿಯಾದರೂ ಸಿಗಲಿ. ಉಳಿದ ನಿಯಮಗಳು ಒಂದೊಂದಾಗಿ ಅದರ ಹಿಂದೆ ಬರಲಿ.